ಕಾಲಿಗೆ ಬಿಸಿ ಕೊಟ್ಟ ಕೊಳವೆ

ಸೋಮವಾರ ಬೆಳಿಗ್ಗೆ ಆ ಹಳೇ ಬಿಳಿ ಕಾರು ಗ್ಯಾರೇಜಿನ ಮುಂದೆ ಬಂದು ನಿಂತಾಗ, ಅದು ಪೆಟ್ರೋಲ್ ಜಾಸ್ತಿ ಕುಡಿಯುತ್ತಿದೆ ಎಂದು ಸದ್ದಿನಿಂದಲೇ ನನಗೆ ಗೊತ್ತಾಯಿತು. ಹೊಗೆ ಅಳೆಯುವ ಮೀಟರು ಹೇಳುವ ಮೊದಲೇ ನನ್ನ ಕಿವಿ ಹೇಳುತ್ತದೆ ಎಂದು ಬಂದವರ ಮುಂದೆಲ್ಲ ಕೊಚ್ಚಿಕೊಳ್ಳುವ ಚಾಳಿ ನನಗೆ ಮೊದಲಿನಿಂದಲೂ ಇದೆ. ಆ ವಾರ ಕಿವಿಯೂ ಕೈಕೊಟ್ಟಿತು, ಬುದ್ಧಿಯೂ ಕೈಕೊಟ್ಟಿತು. ಅದನ್ನು ಮುಚ್ಚಿಡದೆ ಬರೆಯಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ನನ್ನ ಗ್ಯಾರೇಜು ಇರುವುದು ಊಟಿಗೆ ಹತ್ತಿರದ ತಲೈಕುಂದದಲ್ಲಿ. ಮಸಿನಗುಡಿಯಿಂದ ಕಲ್ಹಟ್ಟಿ ಘಾಟಿನ ಮೂವತ್ತಾರು ತಿರುವು ಹತ್ತಿ ಬಂದ ಗಾಡಿಗಳು ಇಲ್ಲಿ ನಿಂತು ಉಸಿರು ಬಿಡುತ್ತವೆ. ಗುಂಡ್ಲುಪೇಟೆ ಕಡೆಯಿಂದ ಬಂದ ನಾನು ಮೂವತ್ತು ವರ್ಷದಿಂದ ಹೀಗೆ ಬಿಸಿಯೇರಿ ಬಂದ ಎಂಜಿನ್‌ಗಳ ನಡುವೆಯೇ ಬದುಕಿದ್ದೇನೆ. ಇಳಿದ ಜನರಲ್ಲಿ ಅರ್ಧ ಮಂದಿ ತಲೆ ಹಿಡಿದುಕೊಂಡೇ ಇಳಿಯುತ್ತಾರೆ. ತಿರುವಿನ ತಲೆಸುತ್ತು, ಒಂದು ಲೋಟ ಟೀ ಕುಡಿದರೆ ಹೋಗುತ್ತದೆ ಎನ್ನುತ್ತೇವೆ.

ಕಾರು ಮಸಿನಗುಡಿಯ ಒಬ್ಬ ಹೆಂಗಸಿನದು. ಅವರದೂ ಮೈಸೂರು ಕಡೆಯ ಕುಟುಂಬ. ದನ ಕಟ್ಟಿಕೊಂಡು, ಒಂದಿಷ್ಟು ತರಕಾರಿ ಬೆಳೆದುಕೊಂಡು ಇದ್ದವರು. ಗಂಡನಿಗೆ ಎರಡೂ ಕಿಡ್ನಿ ಕೆಟ್ಟು ಮೂರು ವರ್ಷ ದಾಟಿತ್ತು. ವಾರಕ್ಕೆ ಮೂರು ಸಲ, ಸೋಮವಾರ, ಬುಧವಾರ, ಶನಿವಾರ, ಊಟಿ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಅಷ್ಟು ಬೆಳಿಗ್ಗೆ ಸರಿಯಾದ ಬಸ್ಸಿಲ್ಲ, ಇದ್ದರೂ ಆತ ನಿಂತು ಬರುವ ಸ್ಥಿತಿಯಲ್ಲಿರಲಿಲ್ಲ. ಐವತ್ತರ ಹತ್ತಿರ ಆಕೆ ಡ್ರೈವಿಂಗ್ ಕಲಿತಿದ್ದೇ ಇದಕ್ಕಾಗಿ.

ಗಂಡನನ್ನು ಆಸ್ಪತ್ರೆಯಲ್ಲಿ ಬಿಟ್ಟು ವಾಪಸು ನನ್ನಲ್ಲಿಗೆ ಬಂದಿದ್ದರು. ಕೈಯಲ್ಲಿ ಹೊಗೆ ತಪಾಸಣೆಯ ಚೀಟಿ ಇತ್ತು.

"ಅಣ್ಣ, ಫೇಲ್ ಅಂದ್ಬುಟ್ರು. ಶುಕ್ರವಾರ ಆರ್‌ಟಿಓದಲ್ಲಿ ಗಾಡಿ ತೋರ್ಸೋಕೆ ಡೇಟ್ ಕೊಟ್ಟವ್ರೆ. ಅವತ್ತು ಈ ಚೀಟಿ ಇಲ್ದೆ ಹೋದ್ರೆ ಆರ್‌ಸಿ ಮುಂದುವರ್ಸಲ್ಲ. ಆಮೇಲೆ ಇವ್ರನ್ನ ನಾನ್ ಹೆಂಗ್ ಕರ್ಕೊಂಡ್ ಬರ್ಲಿ?"

"ಗಾಬರಿ ಬೇಡಿ ಅಕ್ಕ. ಎರಡು ಗಂಟೆ ಕೆಲಸ," ಎಂದೆ.

ಚೀಟಿಯಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇಕಡಾ ಐದು ದಾಟಿತ್ತು. ಅಷ್ಟು ಹಳೆಯ ಕಾರಿಗೆ ಮೂರರೊಳಗೆ ಬರಬೇಕು. ಇದು ಕಾರ್ಬ್ಯುರೇಟರ್ ಕಾಲದ ಗಾಡಿ. ಗಾಳಿಗೂ ಪೆಟ್ರೋಲಿಗೂ ಇರುವ ಲೆಕ್ಕವನ್ನು ಕಂಪ್ಯೂಟರ್ ನೋಡಿಕೊಳ್ಳುವುದಿಲ್ಲ, ಒಂದು ಚಿಕ್ಕ ಸ್ಕ್ರೂ ನೋಡಿಕೊಳ್ಳುತ್ತದೆ. ಮೇಲೆ ಹತ್ತಿದಷ್ಟೂ ಗಾಳಿ ತೆಳುವಾಗುತ್ತದೆ. ಮಸಿನಗುಡಿಯಲ್ಲಿ ಸರಿಯಾಗಿದ್ದ ಗಾಡಿಗೆ ಊಟಿಯಲ್ಲಿ ಪೆಟ್ರೋಲ್ ಹೆಚ್ಚಾಗುತ್ತದೆ. ನೂರು ಸಲ ನೋಡಿದ ಕಾಯಿಲೆ ಇದು ಎಂದುಕೊಂಡೆ.

ಬಾನೆಟ್ ಎತ್ತಿದೆ. ಏರ್ ಫಿಲ್ಟರಿನಲ್ಲಿ ಮಸಿನಗುಡಿಯ ಕೆಂಪು ಧೂಳು ಗಟ್ಟಿಯಾಗಿ ಕೂತಿತ್ತು. ಹೊಸದು ಹಾಕಿದೆ. ನಾಲ್ಕೂ ಪ್ಲಗ್ಗುಗಳ ಮೂತಿ ಮಸಿ. ಉಜ್ಜಿ, ಸಂದು ಅಳೆದು ಕೂರಿಸಿದೆ. ಚೋಕ್ ಪೂರ್ತಿ ತೆರೆಯುತ್ತಿದೆಯೇ ನೋಡಿದೆ. ಹಾಗೆ ಬಗ್ಗಿ ನೋಡುವಾಗ ಎಂಜಿನ್ನಿನ ಪಕ್ಕದಿಂದ ಒಳಗಿನ ಸೀಟಿನ ಕಡೆಗೆ ಹೋಗುವ ಕಪ್ಪು ಕೊಳವೆ ಕಣ್ಣಿಗೆ ಬಿತ್ತು. ಅದನ್ನು ಪ್ರೀತಿಯಿಂದ ಎರಡು ಸಲ ತಟ್ಟಿದೆ.

ಅದು ನನ್ನ ಕೈಯದು. ಮೂರು ಚಳಿಗಾಲದ ಹಿಂದೆ ಹಾಕಿದ್ದು. ಆ ಕಾರಿನಲ್ಲಿ ಹೀಟರ್ ಇಲ್ಲ. ಡಯಾಲಿಸಿಸ್ ಮುಗಿಸಿ ಬಂದವರ ಕಾಲು ಮಂಜುಗಡ್ಡೆಯ ಹಾಗೆ ತಣ್ಣಗಾಗುತ್ತದೆ ಎಂದು ಆಕೆ ಒಮ್ಮೆ ಹೇಳಿದ್ದರು. ಎಂಜಿನ್ನಿನ ಹೊಗೆಯನ್ನೆಲ್ಲ ಒಟ್ಟು ಮಾಡಿ ಸೈಲೆನ್ಸರಿಗೆ ಕಳಿಸುವ ಒಂದು ಎರಕದ ಕಬ್ಬಿಣದ ಭಾಗ ಇರುತ್ತದೆ, ಮ್ಯಾನಿಫೋಲ್ಡ್ ಎಂದು. ಕೆಂಡದ ಹಾಗೆ ಕಾಯುತ್ತದೆ. ಅದರ ಮೇಲೊಂದು ತಗಡಿನ ಮುಚ್ಚಳ. ಆ ಮುಚ್ಚಳದೊಳಗೆ ಬಿಸಿಯಾದ ಗಾಳಿಯನ್ನು ಒಂದು ಕೊಳವೆ ಕಾರ್ಬ್ಯುರೇಟರಿಗೆ ಒಯ್ಯುತ್ತದೆ, ಚಳಿಯಲ್ಲಿ ಎಂಜಿನ್ ಮುಗ್ಗರಿಸದಿರಲಿ ಎಂದು. ನಾನು ಆ ಕೊಳವೆಯನ್ನು ಕಿತ್ತು, ಎಂಜಿನ್ನಿಗೂ ಸೀಟಿಗೂ ನಡುವಿನ ತಗಡಿನಲ್ಲಿ ತೂತು ಕೊರೆದು, ಆತನ ಕಾಲಿನ ಬಳಿಗೆ ತಿರುಗಿಸಿದ್ದೆ. ನಮ್ಮ ಬೆಟ್ಟದಲ್ಲಿ ಹಳೇ ಗಾಡಿಗೆ ಹೀಗೆ ಮಾಡಿಕೊಡುವುದು ಹೊಸದೇನಲ್ಲ, ಕಾಲುಬಿಸಿ ಎನ್ನುತ್ತೇವೆ. ಹೊಗೆಯಲ್ಲ, ಹೊಗೆಯ ಪಾತ್ರೆಯ ಹೊರಗಡೆ ಕಾದ ಒಳ್ಳೆಯ ಗಾಳಿ ಅಷ್ಟೇ. ಆತ ಕಾಲು ಚಾಚಿ ಕೂತು, "ಆಹಾ ಮೇಸ್ತ್ರಿ, ಒಲೆ ಮುಂದೆ ಕೂತಂಗದೆ," ಎಂದಿದ್ದರು. ಕೆಲಸಕ್ಕೆ ಕೂಲಿ ಬೇಡ ಎಂದಿದ್ದೆ. ಆ ಒಳ್ಳೆಯತನಕ್ಕೆ ಬೆನ್ನು ತಟ್ಟಿಕೊಳ್ಳುತ್ತ ಮೂರು ವರ್ಷ ಕಳೆದಿದ್ದೆ.

ಸ್ಕ್ರೂ ಬಿಗಿ ಮಾಡಿ ಪೆಟ್ರೋಲ್ ಕಡಿಮೆ ಮಾಡಿದೆ. ಎಂಜಿನ್ ಕೆಮ್ಮಿತು. ಇನ್ನೊಂದು ಕಾಲು ಸುತ್ತು ಬಿಗಿ ಮಾಡಿದೆ, ನಿಂತೇ ಹೋಯಿತು. ಮತ್ತೆ ಸಡಿಲಿಸಿ, ನಿಲ್ಲದ ಹಾಗೆ ಎಷ್ಟು ಕಡಿಮೆ ಮಾಡಬಹುದೋ ಅಷ್ಟಕ್ಕಿಟ್ಟು, ತಪಾಸಣೆ ಕೇಂದ್ರಕ್ಕೆ ಹೋದೆ. ಮೀಟರಿನಲ್ಲಿ ನಾಲ್ಕೂವರೆ ಬಂತು.

ಬುಧವಾರ ಕಾರ್ಬ್ಯುರೇಟರನ್ನೇ ಬಿಚ್ಚಿದೆ. ಪೆಟ್ರೋಲ್ ಒಳಗೆ ಬಿಡುವ ಸೂಜಿ ಸವೆದಿತ್ತು. ಸಿಕ್ಕಿತು ಕಳ್ಳ ಎಂದುಕೊಂಡು ಹೊಸ ಕಿಟ್ ಹಾಕಿದೆ, ಪೆಟ್ರೋಲ್ ಚಿಮ್ಮಿಸುವ ಜೆಟ್ಟುಗಳನ್ನು ತೊಳೆದು ಗಾಳಿ ಊದಿದೆ, ವಾಲ್ವುಗಳ ಸಂದು ಸರಿ ಮಾಡಿದೆ. ಆಕೆ ಬೆಂಚಿನ ಮೇಲೆ ಕೂತು ಗಡಿಯಾರ ನೋಡುತ್ತಲೇ ಇದ್ದರು. ಆಸ್ಪತ್ರೆಯ ಮಿಷಿನ್ ನಾಲ್ಕು ಗಂಟೆ ಹಿಡಿಯುತ್ತದೆ, ಅಷ್ಟರೊಳಗೆ ಗಾಡಿ ಬೇಕು.

"ಅವ್ರಿಗೆ ಈಗೀಗ ತಲೆನೋವು ಜಾಸ್ತಿ ಅಣ್ಣ," ಎಂದರು, ನನಗೋ ತಮಗೋ ಎನ್ನುವಂತೆ. "ಡಾಕ್ಟ್ರು ಮೂರು ಸಲ ಮಾತ್ರೆ ಬದ್ಲಾಯ್ಸಿದ್ರು. ಮಿಷಿನ್ನಿಂದ ಬರೋದು ಅಂತಾರೆ. ಆದ್ರೆ ಇವ್ರಿಗೆ ಹತ್ತೋವಾಗ್ಲೇ ಬತ್ತದೆ, ನನ್ಗೂ ಒಸಿ ತಲೆ ಭಾರ ಆಯ್ತದೆ. ಇಳಿಯೋವಾಗ ಇರಲ್ಲ."

"ತಿರುವು ಅಕ್ಕ. ಹತ್ತೋವಾಗ ಎಲ್ರಿಗೂ ಬರುತ್ತೆ," ಎಂದೆ, ಸ್ಪ್ಯಾನರಿನಿಂದ ತಲೆ ಎತ್ತದೆ. ಆ ಮಾತನ್ನು ಅಲ್ಲೇ ಹಿಡಿದಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು.

ಮತ್ತೆ ತಪಾಸಣೆ. ಮೂರು ಮುಕ್ಕಾಲು. ನನಗೆ ಮೈಯೆಲ್ಲ ಉರಿಯಿತು. ಮೀಟರಿನ ಮುಂದೆ ಕೂರುವವನು ಹತ್ತಿರದ ಹಟ್ಟಿಯವನು, ನೀಲಗಿರಿಯ ಬಡಗ ಜನದವನು, ಮೊದಲು ಟೀ ಫ್ಯಾಕ್ಟರಿಯಲ್ಲಿ ಬಾಯ್ಲರ್ ನೋಡುತ್ತಿದ್ದವನು. ನನ್ನ ಕನ್ನಡಕ್ಕೆ ತನ್ನ ಮಾತನ್ನು ಹೊಂದಿಸಿ ಮಾತಾಡುತ್ತಾನೆ. ನನ್ನ ಮುಖ ನೋಡಿ ನಕ್ಕ.

"ಅಣ್ಣಾ, ನಿನ್ನ ಗಾಡಿಗೆ ಬೇಕಾದ್ದು ಮೆಕ್ಯಾನಿಕ್ ಅಲ್ಲ, ಮಂತ್ರವಾದಿ."

"ನಿನ್ನ ಮೀಟರಿಗೆ ಮೊದಲು ಮಂತ್ರ ಹಾಕ್ಸು," ಎಂದು ರೇಗಿ ಬಂದೆ. ಸ್ಕ್ರೂ ಬಿಗಿ ಮಾಡಿದರೆ ಎಂಜಿನ್ ನಿಲ್ಲುತ್ತದೆ, ಸಡಿಲ ಬಿಟ್ಟರೆ ಫೇಲ್. ಯಾಕೆ ನಿಲ್ಲುತ್ತದೆ? ಅದನ್ನೇ ಕೇಳಿಕೊಳ್ಳಬೇಕಿತ್ತು. ನಾನು ಕೇಳಿಕೊಂಡದ್ದು, ಎಷ್ಟು ಬಿಗಿ ಮಾಡಿದರೆ ನಿಲ್ಲುವುದಿಲ್ಲ ಎಂದು.

ಗುರುವಾರ ಗಂಡ ಹೆಂಡತಿ ಇಬ್ಬರೂ ಬಂದರು. ಆ ದಿನ ಆಸ್ಪತ್ರೆ ಇರಲಿಲ್ಲ. ಮಾರನೆಯ ದಿನ ಗಾಡಿ ತೋರಿಸಲೇಬೇಕು ಎಂಬ ಆತಂಕಕ್ಕೆ ಆತನೂ ಹೊರಟು ಬಂದಿದ್ದರು. ಶಾಲು ಹೊದ್ದು, ಉಣ್ಣೆಯ ಕಾಲುಚೀಲ ಹಾಕಿಕೊಂಡು, ಬೂದಿ ಬಣ್ಣಕ್ಕೆ ತಿರುಗಿದ್ದ ಮುಖದಲ್ಲಿ ನಗು ಇಟ್ಟುಕೊಂಡು ಬೆಂಚಿನಲ್ಲಿ ಕೂತರು. "ಪಾಸ್ ಆಗ್ದಿದ್ರೆ ನನ್ನ ಹೊತ್ಕೊಂಡು ಹತ್ತೋಕೆ ಇವ್ಳನ್ನೇ ರೆಡಿ ಮಾಡ್ಬೇಕು ಮೇಸ್ತ್ರಿ," ಎಂದರು. ಆಕೆ ನಗಲಿಲ್ಲ.

ಎಂಜಿನ್ನಿನೊಳಗೆ ಕಟ್ಟಿದ ಮಸಿ ಸುಟ್ಟು ಹೋಗಲಿ ಎಂದು ಗಾಡಿಯನ್ನು ಚೆನ್ನಾಗಿ ದುಡಿಸಿ ತರಲು ಹೊರಟೆ. ಕಲ್ಹಟ್ಟಿಯ ಅರ್ಧ ಘಾಟು ಇಳಿದು, ತಿರುಗಿಸಿ, ಎರಡನೇ ಗೇರಿನಲ್ಲಿ ಪೂರ್ತಿ ಒತ್ತಿ ಹತ್ತಿಸಿದೆ. ಮಂಜು ಕವಿದಿತ್ತು, ಗ್ಲಾಸ್ ಏರಿಸಿಕೊಂಡಿದ್ದೆ. ಒಳಗೆ ಹಿತವಾದ ಬಿಸಿ. ಮೇಲೆ ಬಂದವನು ಗ್ಯಾರೇಜಿನಲ್ಲಿ ನಿಲ್ಲಿಸದೆ ನೇರ ತಪಾಸಣೆಗೆ ಹೋದೆ. ಮೀಟರಿನವನು ಸೈಲೆನ್ಸರಿಗೆ ತನ್ನ ನಳಿಕೆ ತೂರಿಸಿದ, ಕಣ್ಣು ಕಿರಿದು ಮಾಡಿ ಪರದೆ ನೋಡಿದ.

"ಒಂದು ಪಾಯಿಂಟ್ ಎಂಟು! ಅಣ್ಣಾ, ಏನು ಮಾಡಿದೆ?"

"ಕೆಲಸ ಮಾಡಿದೆ," ಎಂದೆ. ಪಾಸ್ ಚೀಟಿ ಬಂತು. ಗೆದ್ದ ಕುದುರೆಯ ಹಾಗೆ ವಾಪಸು ಬಂದೆ.

ಆಕೆ ಚೀಟಿಯನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಕಣ್ಣಿಗೊತ್ತಿಕೊಂಡರು. ಕಣ್ಣಲ್ಲಿ ನೀರು ಬಂದಿತ್ತು. ನಾನು ಹಣೆ ಒತ್ತಿಕೊಳ್ಳುತ್ತ ಬಕೆಟ್ಟಿನ ನೀರಿಗೆ ಕೈ ಹಾಕಿದೆ. ಆತ ನನ್ನನ್ನೇ ನೋಡುತ್ತಿದ್ದರು.

"ಏನ್ ಮೇಸ್ತ್ರಿ, ನಿಮ್ಗೂ ತಲೆ ಹಿಡ್ಕೊಂತಾ? ಎರಡು ಹುಬ್ಬಿನ ಮಧ್ಯ ಸುತ್ತಿಗೇಲಿ ಹೊಡ್ದಂಗೆ ಅಲ್ವಾ? ನನ್ಗೂ ಹಂಗೇ. ನನ್ ಕಾಯಿಲೆ ನಿಮ್ಗೂ ಅಂಟ್ಕೊಂತು ಬುಡಿ."

ಅವರು ತಮಾಷೆಗೆ ಹೇಳಿದರು. ನನ್ನ ಕೈ ಬಕೆಟ್ಟಿನಲ್ಲೇ ನಿಂತಿತು. ಮೂವತ್ತು ವರ್ಷ ಆ ತಿರುವುಗಳಲ್ಲಿ ಹತ್ತಿ ಇಳಿದವನು ನಾನು. ಲಾರಿಯಲ್ಲಿ, ಜೀಪಿನಲ್ಲಿ, ಬ್ರೇಕ್ ಇಲ್ಲದ ಬಸ್ಸಿನಲ್ಲಿ. ಒಂದು ದಿನವೂ ನನಗೆ ತಲೆ ನೋವು ಬಂದದ್ದಿಲ್ಲ.

"ಆ ಚೀಟಿ ಸ್ವಲ್ಪ ಕೊಡಿ ಅಕ್ಕ," ಎಂದೆ.

ಈ ಸಲ ಒಂದು ಸಾಲು ಬಿಡದೆ ಓದಿದೆ. ಕಾರ್ಬನ್ ಮೊನಾಕ್ಸೈಡ್ ಅರ್ಧಕ್ಕರ್ಧ ಇಳಿದಿತ್ತು, ಸರಿ. ಆದರೆ ಉಳಿದ ಎಲ್ಲ ಅನಿಲಗಳೂ ಹಾಗೆಯೇ ಇಳಿದಿದ್ದವು. ಏರಿದ್ದು ಆಮ್ಲಜನಕ ಒಂದೇ. ಎಂಜಿನ್ ಸರಿಯಾಗಿ ಉರಿದರೆ ಹೀಗಾಗುವುದಿಲ್ಲ. ಮಜ್ಜಿಗೆಗೆ ನೀರು ಬೆರೆಸಿದ ಹಾಗೆ ಹೊಗೆಗೆ ಹೊರಗಿನ ಗಾಳಿ ಬೆರೆತಿದೆ. ಅಂದರೆ ಹೊಗೆ ಹೋಗುವ ದಾರಿಯಲ್ಲಿ ಎಲ್ಲೋ ಬಿರುಕಿದೆ. ಗಾಳಿ ಒಳಗೆ ಹೋಗುವ ಬಿರುಕಿನಲ್ಲಿ ಹೊಗೆ ಹೊರಗೂ ಬರುತ್ತದೆ.

ಎಂಜಿನ್ ಶುರು ಮಾಡಿ, ಗೋಣಿಚೀಲ ಒದ್ದೆ ಮಾಡಿ ಸೈಲೆನ್ಸರಿನ ಬಾಯಿಗೆ ಒತ್ತಿ ಹಿಡಿಯಲು ಪಕ್ಕದ ಟೀ ಅಂಗಡಿಯವನನ್ನು ಕರೆದೆ. ಬಾಯಿ ಕಟ್ಟಿದರೆ ಹೊಗೆ ಬಿರುಕಿದ್ದಲ್ಲಿ ನುಗ್ಗುತ್ತದೆ. ನಾನು ಬಾನೆಟ್ಟಿನ ಕೆಳಗೆ ಕಿವಿ ಕೊಟ್ಟೆ. ಉಸ್ ಎಂಬ ಸದ್ದು ತಗಡಿನ ಮುಚ್ಚಳದೊಳಗಿಂದ ಬಂತು. ಎಂಜಿನ್ ನಿಲ್ಲಿಸಿ, ಮುಚ್ಚಳ ಬಿಚ್ಚಿದೆ. ಮ್ಯಾನಿಫೋಲ್ಡಿನ ಮೇಲೆ, ಎರಡನೆಯ ಮತ್ತು ಮೂರನೆಯ ಬಾಯಿಯ ನಡುವೆ, ಕಾಡಿಗೆ ಎಳೆದಂತೆ ಒಂದು ಕಪ್ಪು ಗೆರೆ. ಹಳೆಯ ಬಿರುಕು, ತಿಂಗಳುಗಳದ್ದು. ಬೆಳಿಗ್ಗೆ ನಾನು ಹತ್ತಿಸಿ ದುಡಿಸಿದ್ದಕ್ಕೆ ಇನ್ನಷ್ಟು ಬಾಯಿ ಬಿಟ್ಟಿತ್ತು.

ಆ ಮುಚ್ಚಳದೊಳಗಿನ ಗಾಳಿಯೇ ನನ್ನ ಕೊಳವೆಯಲ್ಲಿ ಆತನ ಕಾಲಿನ ಹತ್ತಿರ ಬರುವುದು. ಬಿಳಿ ಬಟ್ಟೆಯ ಚೂರನ್ನು ಬೆರಳಿಗೆ ಸುತ್ತಿ ಕೊಳವೆಯ ಸೀಟಿನ ಕಡೆಯ ಬಾಯಿಗೆ ಹಾಕಿ ತಿರುಗಿಸಿದೆ. ಬಟ್ಟೆ ಕಪ್ಪಾಗಿ ಬಂತು.

ಆಗ ಉಳಿದದ್ದೂ ತಾನಾಗಿ ಬಿಚ್ಚಿಕೊಂಡಿತು. ಬಿಸಿ ಗಾಳಿಯನ್ನು ನಾನು ಕಾರ್ಬ್ಯುರೇಟರಿನಿಂದ ಕಿತ್ತುಕೊಂಡಿದ್ದೆ. ಅದಕ್ಕೇ ಗಾಡಿ ಚಳಿಯಲ್ಲಿ ಮುಗ್ಗರಿಸುತ್ತಿತ್ತು. ಮುಗ್ಗರಿಸುತ್ತದೆ ಎಂದು ಆ ಚಳಿಗಾಲದಲ್ಲೇ ಸ್ಕ್ರೂ ಸಡಿಲಿಸಿ ಪೆಟ್ರೋಲ್ ಹೆಚ್ಚಿಸಿದವನೂ ನಾನೇ. ಪೆಟ್ರೋಲ್ ಹೆಚ್ಚಾದ್ದಕ್ಕೆ ಹೊಗೆಯಲ್ಲಿ ವಿಷ ಹೆಚ್ಚಾಯಿತು. ಘಾಟು ಹತ್ತುವಾಗ ಎಂಜಿನ್ ದುಡಿದಷ್ಟೂ ಅದು ಬಿರುಕಿನಲ್ಲಿ ನುಗ್ಗುತ್ತಿತ್ತು, ಇಳಿಯುವಾಗ ಇಲ್ಲ. ಆ ವಿಷವನ್ನು ಕಾಯಿಲೆ ಮನುಷ್ಯನ ಕಾಲಬುಡಕ್ಕೆ ತಲುಪಿಸುವ ದಾರಿಯನ್ನೂ ನಾನೇ ಹಾಕಿಕೊಟ್ಟಿದ್ದೆ, ಅದೂ ಪುಕ್ಕಟೆಯಾಗಿ.

ಹೇಳದೆ ಇರಬಹುದಿತ್ತು. ಸುಳ್ಳೇಕೆ ಹೇಳಲಿ, ಆ ಯೋಚನೆ ಬಂತು. ಚೀಟಿ ಕೈಯಲ್ಲಿದೆ, ನಾಳೆ ಗಾಡಿ ತೋರಿಸಿ ಬರಲಿ, ಕೊಳವೆಯನ್ನು ಏನೋ ನೆಪ ಹೇಳಿ ಈಗಲೇ ಕಿತ್ತರಾಯಿತು, ಮ್ಯಾನಿಫೋಲ್ಡ್ ಆಮೇಲೆ ಬದಲಾಯಿಸಿದರಾಯಿತು. ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಡಾಕ್ಟರು ಆತನಿಗೆ ಇಲ್ಲದ ಕಾಯಿಲೆಗೆ ಮಾತ್ರೆ ಬರೆಯುತ್ತಲೇ ಇರುತ್ತಾರೆ. ಬಟ್ಟೆಯ ಚೂರನ್ನು ಹಿಡಿದುಕೊಂಡೇ ಬೆಂಚಿನ ಹತ್ತಿರ ಹೋದೆ.

ಎಲ್ಲ ಹೇಳಿದೆ. ಕೊಳವೆ, ಸ್ಕ್ರೂ, ಬಿರುಕು, ಚೀಟಿ ಸುಳ್ಳು ಎಂಬುದು. ಆಕೆ ಬಟ್ಟೆಯನ್ನು ನೋಡಿದರು, ಆಮೇಲೆ ಬಗ್ಗಿ ಗಂಡನ ಕಾಲುಚೀಲ ನೋಡಿದರು.

"ವಾರ ವಾರ ಒಗೀತೀನಿ. ಹೆಬ್ಬೆರಳ ತಾವ ಯಾಕಿಂಗೆ ಕಪ್ಪಾಯ್ತದೆ ಅಂದ್ಕೊಂತಿದ್ದೆ," ಎಂದರು ಮೆಲ್ಲಗೆ. ಆಮೇಲೆ ದನಿ ಏರಿತು. "ತಿರುವು ಅಂದ್ರಲ್ಲ! ಬುಧವಾರ ನಿಮ್ ಮುಂದೇ ಕೂತ್ಕೊಂಡು ಹೇಳ್ದೆ, ಹತ್ತೋವಾಗ್ಲೇ ಬತ್ತದೆ ಅಂತ. ತಲೆ ಎತ್ತಿ ನೋಡಿದ್ರಾ ನೀವು? ನಂಬಿ ಬಂದೋರಿಗೆ ಹಿಂಗಾ ಅಣ್ಣ ಮಾಡೋದು?"

ನಾನು ತಲೆ ತಗ್ಗಿಸಿ ನಿಂತೆ. "ತಪ್ಪಾಯ್ತು ಅಕ್ಕ," ಎಂದೆ.

"ಬುಡು, ಬುಡು," ಎಂದರು ಆತ. "ಕಾಲಿಗೆ ಚಳಿ ಅಂತ ಕೇಳ್ದೋನು ನಾನೇ ಅಲ್ವಾ."

"ನೀವ್ ಸುಮ್ಕಿರಿ!" ಎಂದು ಆಕೆ ಗದರಿದರು. ಪಾಸ್ ಚೀಟಿಯನ್ನು ನಾಲ್ಕಾಗಿ ಹರಿದು ನನ್ನ ಟೂಲ್ ಬಾಕ್ಸಿನ ಮೇಲೆ ಇಟ್ಟರು.

ಅಷ್ಟು ಹಳೆಯ ಮ್ಯಾನಿಫೋಲ್ಡ್ ಊಟಿಯಲ್ಲೂ ಕೂನೂರಿನಲ್ಲೂ ಸಿಗಲಿಲ್ಲ. ಬೆಸುಗೆ ಹಾಕಿಸಿದರೆ ಎರಕದ ಕಬ್ಬಿಣ ಇವತ್ತು ಹಿಡಿದು ನಾಳೆ ಬಿಡುತ್ತದೆ. ಮೆಟ್ಟುಪಾಳ್ಯದ ಗುಜರಿಯೊಂದರಲ್ಲಿ ಇದೆ ಎಂದು ಗೊತ್ತಾಗಿ ಶುಕ್ರವಾರ ಬಸ್ಸು ಹತ್ತಿ ಹೋಗಿ ನಾನೇ ಆರಿಸಿ ತಂದೆ. ಶುಕ್ರವಾರದ ಡೇಟ್ ಹೋಯಿತು. ಮುಂದಿನದು ಸಿಕ್ಕಿದ್ದು ಮೂರು ವಾರದ ಮೇಲೆ. ಅಷ್ಟರಲ್ಲಿ ಕಾರಿನ ಆರ್‌ಸಿ ಅವಧಿ ಮುಗಿಯುತ್ತಿತ್ತು. ಕಾರಿನ ಕಾಗದ ಆಗುವವರೆಗೂ ನನ್ನ ಜೀಪು ಬರುತ್ತದೆ ಎಂದು ಗುರುವಾರ ಅವರನ್ನು ಅದರಲ್ಲೇ ಮನೆಗೆ ಬಿಡುವಾಗ ಹೇಳಿದ್ದೆ.

ಶನಿವಾರ ಬೆಳಿಗ್ಗೆ ಮಸಿನಗುಡಿಗೆ ಇಳಿದು ಅವರ ಮನೆ ಮುಂದೆ ಜೀಪು ನಿಲ್ಲಿಸಿದೆ. ಆತನನ್ನು ಮುಂದೆ ಕೂರಿಸಿ, ಕಾಲಿಗೆ ಕಂಬಳಿ ಸುತ್ತಿ, ಆಕೆ ಹಿಂದೆ ಕೂತರು. ಜೀಪಿನ ಟಾರ್ಪಾಲು ಅಲ್ಲಲ್ಲಿ ಹರಿದಿದೆ, ಗಾಳಿ ನುಗ್ಗುತ್ತದೆ. ಆತನ ಹಲ್ಲು ಕಟಕಟ ಎನ್ನುತ್ತಿತ್ತು. ಇಪ್ಪತ್ತು ತಿರುವು ಆಯಿತು, ಮೂವತ್ತಾಯಿತು. ಮೂವತ್ತಾರನೆಯದು ದಾಟಿ ಸಮತಟ್ಟು ರಸ್ತೆಗೆ ಬಂದಾಗ ಆತ ಹಣೆ ಮುಟ್ಟಿ ನೋಡಿಕೊಂಡು ಹಿಂದಕ್ಕೆ ತಿರುಗಿದರು.

"ಲೇ, ಇವತ್ ತಲೆನೇ ನೋಯ್ತಿಲ್ಲ ಕಣೇ! ಎಷ್ಟ್ ದಿನ ಆಗಿತ್ತು ಇಂಗಿದ್ದು!"

ಹಬ್ಬದ ದಿನದ ದನಿ ಅದು. ಕನ್ನಡಿಯಲ್ಲಿ ನೋಡಿದೆ. ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಹೊರಗೆ ನೋಡುತ್ತಿದ್ದರು. ನನಗೆ ರಸ್ತೆ ಕಾಣದಂತಾಗಿ ಗೇರು ಇಳಿಸಿದೆ. ಆಸ್ಪತ್ರೆಯಲ್ಲಿ ಆಕೆ ಡಾಕ್ಟರಿಗೆ ಎಲ್ಲವನ್ನೂ ಹೇಳಿದರು. ಇವರಿಗೆ ರಕ್ತ ಮೊದಲೇ ಕಡಿಮೆ, ಬೇರೆಯವರಿಗೆ ತಲೆನೋವು ತರುವಷ್ಟು ಹೊಗೆ ಇವರ ಹೃದಯವನ್ನೇ ನಿಲ್ಲಿಸಬಹುದಿತ್ತು ಎಂದರಂತೆ ಡಾಕ್ಟರು. ನನಗೆ ಅದನ್ನು ಆಕೆ ವಾಪಸು ಬರುವಾಗ ಒಂದೇ ಉಸಿರಿನಲ್ಲಿ ಹೇಳಿದರು.

ಭಾನುವಾರ ಗುಜರಿಯಿಂದ ತಂದ ಮ್ಯಾನಿಫೋಲ್ಡ್ ಕೂರಿಸಿದೆ. ಕೊಳವೆಯನ್ನು ಅದರ ಹಳೇ ಜಾಗಕ್ಕೆ, ಕಾರ್ಬ್ಯುರೇಟರಿಗೆ ಸೇರಿಸಿದೆ. ತಗಡಿನ ತೂತಿಗೆ ಉಕ್ಕಿನ ಬಿಲ್ಲೆ ಇಟ್ಟು ಬೆಸುಗೆ ಹಾಕಿದೆ. ಸ್ಕ್ರೂ ಬಿಗಿ ಮಾಡಿದೆ. ಕಾಲು ಸುತ್ತು, ಅರ್ಧ ಸುತ್ತು, ಮುಕ್ಕಾಲು. ಎಂಜಿನ್ ಕೆಮ್ಮದೆ ಒಂದೇ ಸಮನೆ ಓಡುತ್ತಿತ್ತು. ಸೋಮವಾರ ಮೀಟರಿನವನು ಎರಡಕ್ಕಿಂತ ಕಡಿಮೆ ತೋರಿಸಿದ. ಉಳಿದ ಸಾಲುಗಳೂ ಇರಬೇಕಾದಲ್ಲಿ ಇದ್ದವು. ಈ ಸಲ ನಾನು ಏನೂ ಕೊಚ್ಚಿಕೊಳ್ಳಲಿಲ್ಲ. ಮೂರು ವಾರ ಜೀಪು ಇಳಿಯಿತು, ಹತ್ತಿತು. ಆಮೇಲೆ ಕಾರಿನ ಆರ್‌ಸಿಯೂ ಐದು ವರ್ಷಕ್ಕೆ ಮುಂದುವರಿಯಿತು.

ಕಾಗದ ಕೈಗೆ ಬಂದ ಮಾರನೆಯ ದಿನ ಆಕೆ ಫೋನ್ ಮಾಡಿದರು. ಮಸಿನಗುಡಿಗೆ ಬನ್ನಿ ಎಂದರು. ಬಸ್ಸು ಹಿಡಿದು ಹೋದೆ. ಕಾರು ಮನೆ ಮುಂದಿತ್ತು, ಆತ ಜಗಲಿಯಲ್ಲಿ ಕೂತಿದ್ದರು. ಆಕೆ ಸ್ಟಿಯರಿಂಗ್ ಹಿಂದೆ ಕೂತು ಪಕ್ಕದ ಬಾಗಿಲು ತೆರೆದರು.

"ಅವ್ರ ಸೀಟಲ್ಲಿ ಕೂತ್ಕೊಳಿ. ಗ್ಲಾಸ್ ಪೂರ್ತಿ ಏರ್ಸಿ."

"ಅಕ್ಕ, ಚೀಟಿ ಬಂದಿದೆಯಲ್ಲ..."

"ಚೀಟಿ ಹೋದ್ಸಲಾನೂ ಬಂದಿತ್ತು."

ಗ್ಲಾಸ್ ಏರಿಸಿದೆ. ಆಕೆ ಘಾಟು ಹತ್ತಿಸಿದರು. ಪ್ರತಿ ತಿರುವಿನಲ್ಲೂ ರಸ್ತೆ ನೋಡಿ, ಆಮೇಲೆ ನನ್ನ ಮುಖ ನೋಡುತ್ತಿದ್ದರು. ಕಾಲಬುಡದಲ್ಲಿ ಬೆಸುಗೆ ಹಾಕಿದ ಬಿಲ್ಲೆ ತಣ್ಣಗಿತ್ತು, ನನ್ನ ಕಾಲು ಜೋಮು ಹಿಡಿಯಿತು. ತಲೈಕುಂದದಲ್ಲಿ ನನ್ನ ಗ್ಯಾರೇಜಿನ ಮುಂದೆಯೇ ನಿಲ್ಲಿಸಿ, ಎಂಜಿನ್ ಆರಿಸದೆ ಕೇಳಿದರು.

"ತಲೆ?"

"ನೋವಿಲ್ಲ."

ಹತ್ತು ನಿಮಿಷ ಹಾಗೆಯೇ ಗ್ಲಾಸ್ ಏರಿಸಿಕೊಂಡು, ಎಂಜಿನ್ ಓಡುತ್ತಿರುವಂತೆಯೇ ಇಬ್ಬರೂ ಕೂತೆವು. ಮತ್ತೆ ಕೇಳಿದರು. ಇಲ್ಲ ಎಂದೆ.

"ಹಂಗಾದ್ರೆ ಇಳೀರಿ ಅಣ್ಣ. ನಾಳೆಯಿಂದ ಅವ್ರನ್ನ ಕೂರುಸ್ತೀನಿ," ಎಂದರು.